ನಾಯಿಗೆ ಪ್ರವೇಶ ಉಂಟಾ?

ಬೆಂಗಳೂರಿನಿಂದ ತಂಗಿಯ ಮಗಳು ಫೋನು ಮಾಡಿ, "ಮಾವ, ಮಂಗಳೂರಲ್ಲಿ ಡಾಗ್ ಫ್ರೆಂಡ್ಲಿ ಬೀಚ್ ಯಾವುದು?" ಎಂದು ಕೇಳಿದಳು. ಅವಳಿಗೆ ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆಂದೇ ಬೇಲಿ ಹಾಕಿದ ಜಾಗ ಗೊತ್ತು, ನಾಯಿಗೂ ಮೆನು ಕಾರ್ಡು ಇಡುವ ಕೆಫೆ ಗೊತ್ತು. ಕಡಲಿಗೂ ಅಂಥದ್ದೊಂದು ಏರ್ಪಾಡು ಇದ್ದೇ ಇರುತ್ತದೆಂದು ಅವಳ ಎಣಿಕೆ. ನಮ್ಮಲ್ಲಿ ಸಂಗತಿ ತಿರುಗಾಮುರುಗಾ. ಸಸಿಹಿತ್ಲಿನಿಂದ ಸೋಮೇಶ್ವರದವರೆಗೆ ಯಾವ ಕಡಲ ಬದಿಗೆ ಹೋದರೂ ನಾಯಿಗಳು ನಮಗಿಂತ ಮೊದಲೇ ಅಲ್ಲಿವೆ. ಮನುಷ್ಯರು ಸಂಜೆ ಐದಕ್ಕೆ ಬಂದು ಏಳಕ್ಕೆ ಎದ್ದು ಹೋಗುವವರು. ಪ್ರವೇಶ ಕೊಡುವ ಅಧಿಕಾರ ಯಾರ ಕೈಯಲ್ಲಿದೆ, ಅಲ್ಲ, ಯಾರ ಮೂಗಿನಲ್ಲಿದೆ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಅವಳು ನನ್ನನ್ನೇ ಕೇಳಲು ಕಾರಣವುಂಟು. ಮಗ ಜರ್ಮನಿಗೆ ಹೋಗುವಾಗ ಒಂದು ಗಿಟಾರು, ಒಂದು ಟ್ರೆಡ್‌ಮಿಲ್ಲು ಮತ್ತು ಬ್ರೂನೋ ಎಂಬ ಲ್ಯಾಬ್ರಡಾರ್ ನಾಯಿಯನ್ನು ನಮಗೆ ಬಿಟ್ಟುಹೋದ. ಗಿಟಾರು ಅಟ್ಟ ಸೇರಿತು. ಟ್ರೆಡ್‌ಮಿಲ್ಲಿನ ಮೇಲೆ ಈಗ ಬಟ್ಟೆ ಒಣಗುತ್ತದೆ. ವ್ಯಾಯಾಮದ ಸಾಧನವಾಗಿ ಇನ್ನೂ ಬಳಕೆಯಲ್ಲಿರುವುದು ಬ್ರೂನೋ ಒಬ್ಬನೇ. (ನಮ್ಮ ಓಣಿಯಲ್ಲಿ ನಿಂತು ಬ್ರೂನೋ ಎಂದು ಕೂಗಿದರೆ ಮೂರು ಗೇಟುಗಳಿಂದ ಓಗೊಡುತ್ತಾರೆ. ನಾನು ಹೇಳುತ್ತಿರುವುದು ಓಗೊಡದವನ ಕಥೆ.)

ಇವನ ವಂಶ ಸಾಮಾನ್ಯದ್ದಲ್ಲ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಮೀನುಗಾರರು ಸಾಕುತ್ತಿದ್ದ, ನೀರಿಗಿಳಿಯುವ ನಾಯಿಗಳು ಲ್ಯಾಬ್ರಡಾರಿನ ಪೂರ್ವಜರು. ಹಿಮ ತೇಲುವ ಅಟ್ಲಾಂಟಿಕ್ ನೀರಿಗೆ ಹಾರಿ, ಬಲೆಯ ಹಗ್ಗ ಎಳೆದು ತಂದು, ಗಾಳದಿಂದ ಜಾರಿದ ಮೀನನ್ನು ಹಿಡಿದು ತರುತ್ತಿದ್ದವಂತೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಶ್ರೀಮಂತರು ಅವನ್ನು ತರಿಸಿಕೊಂಡು ತಳಿ ಬೆಳೆಸಿದರು. ನೀರು ಹಿಡಿಯದ ದಪ್ಪ ಒಳಗೂದಲು, ಬೆರಳುಗಳ ನಡುವೆ ಈಜಲು ತಕ್ಕ ಚರ್ಮ, ಚುಕ್ಕಾಣಿಗೆ ಒದಗುವ ದಪ್ಪ ಬಾಲ ಎಲ್ಲವೂ ಬ್ರೂನೋನಲ್ಲಿ ಕ್ರಮವಾಗಿಯೇ ಇವೆ. ಇಷ್ಟೆಲ್ಲ ಸರಂಜಾಮು ಹೊತ್ತ ಈ ವೀರ ಪಣಂಬೂರಿನಲ್ಲಿ ಮೊದಲ ಸಲ ಅರಬ್ಬೀ ಸಮುದ್ರ ಕಂಡಾಗ, ಪಾದದಷ್ಟು ಎತ್ತರದ ಅಲೆಯೊಂದು ನೊರೆ ಕಾರುತ್ತಾ ಬಂದು ಅವನ ಉಗುರು ಮುಟ್ಟಿತು. ಅವನು ನನ್ನ ಕಾಲುಗಳ ನಡುವೆ ನುಗ್ಗಿದ. ನಾನು ಕೂತೆ. ಅಲೆ ಇಬ್ಬರನ್ನೂ ಮೀಯಿಸಿ ಹೋಯಿತು.

ಪಣಂಬೂರಿಗೆ ಭಾನುವಾರ ಸಂಜೆ ನಾಯಿ ಕರೆದುಕೊಂಡು ಹೋಗುವುದು ಬೇಡ. ಚುರುಮುರಿ, ಐಸ್‌ಕ್ರೀಮು, ಗಾಳಿಪಟದ ನೂಲು, ಮಕ್ಕಳ ಚೆಂಡು ಇಷ್ಟರ ಮಧ್ಯೆ ಯಾವ ನಾಯಿಯ ಚಾರಿತ್ರ್ಯವೂ ಉಳಿಯದು. ಬೆಳಿಗ್ಗೆ ಆರೂವರೆಯೇ ಲಾಯಕ್ಕು. ಬಂದರಿಗೆ ಸರದಿ ಕಾಯುವ ಹಡಗುಗಳು ದೂರದಲ್ಲಿ ನಿಂತಿರುತ್ತವೆ, ಹೊಯ್ಗೆ ತಣ್ಣಗಿರುತ್ತದೆ. ಒಂಬತ್ತು ದಾಟಿತೋ, ಅದು ಕಾದ ಕಾವಲಿ. ಅಂಗೈಯ ಹಿಂಬದಿಯನ್ನು ಮರಳಿಗೆ ಒತ್ತಿ ಐದು ಸೆಕೆಂಡು ಹಿಡಿಯಲು ನಮಗೆ ಆಗದಿದ್ದರೆ ನಾಯಿಯ ಪಾದಕ್ಕೂ ಆಗದು. ಚಪ್ಪಲಿ ಹಾಕಿದವನಿಗೆ ಇದು ಹೊಳೆಯುವುದು ಕಷ್ಟ.

ಬೆಳಗಿನ ಹೊತ್ತಿನಲ್ಲಿ ಊರಿನ ನಾಯಿಗಳ ದರ್ಬಾರು. ಗೂಡಂಗಡಿಗೆ ಒಂದೊಂದರಂತೆ ಅವು ಹಂಚಿಕೊಂಡು ಕೂತಿರುತ್ತವೆ. ಬಹುಪಾಲಿನ ಕಿವಿಯ ತುದಿಗೆ ಕತ್ತರಿ ಬಿದ್ದಿರುತ್ತದೆ. ಸಂತಾನಹರಣ ಆಗಿದೆ, ರೇಬೀಸ್ ಲಸಿಕೆ ಬಿದ್ದಿದೆ ಎಂಬುದರ ಗುರುತು ಅದು. ಅವುಗಳ ಹಿರಿಯ ಒಬ್ಬ ಎದ್ದು ಬರುತ್ತಾನೆ, ಅವಸರವಿಲ್ಲದೆ. ಆಗ ಹಗ್ಗ ಬಿಗಿಹಿಡಿದು ಎಳೆಯಬಾರದು, ಕೂಗಬಾರದು, ಮುಖ್ಯವಾಗಿ ನಾಯಿಯನ್ನು ಎತ್ತಿಕೊಳ್ಳಬಾರದು. ಮೂವತ್ತೆರಡು ಕಿಲೋ ಲ್ಯಾಬ್ರಡಾರನ್ನು ಎತ್ತಿಕೊಳ್ಳುವ ಆಸೆ ನನಗೆ ಹೇಗೂ ಇಲ್ಲ. ಮುಂದಿನಿಂದ ಒಂದು ಸಲ, ಹಿಂದಿನಿಂದ ಎರಡು ಸಲ ಮೂಸಿ ನೋಡುವ ತಪಾಸಣೆ ನಡೆಯುತ್ತದೆ. ಬ್ರೂನೋ ತಡಮಾಡದೆ ಅಂಗಾತ ಬಿದ್ದು ಹೊಟ್ಟೆ ತೋರಿಸುತ್ತಾನೆ. ಔಷಧಿ ಶಾಂಪೂ, ಮೂರು ತಲೆಮಾರಿನ ಸರ್ಟಿಫಿಕೇಟು, ಎಲುಬು ಗಟ್ಟಿಯಾಗುವ ಮಾತ್ರೆ ಇವೆಲ್ಲ ಇರುವ ಕುಲೀನ, ಬಂಗುಡೆಯ ಮುಳ್ಳು ತಿಂದು ಬೆಳೆದವನ ಮುಂದೆ ಸಾಷ್ಟಾಂಗ! ಹಿರಿಯ ಕಾಲೆತ್ತಿ ಪಕ್ಕದ ದೋಣಿಗೆ ಮೊಹರು ಒತ್ತಿ ಹೊರಟುಹೋಗುತ್ತಾನೆ. ವೀಸಾ ಮಂಜೂರು.

ತಣ್ಣೀರುಬಾವಿ ಹೆಚ್ಚು ಸಭ್ಯವಾದ ಜಾಗ. ಒಂದು ಬದಿಗೆ ಫಲ್ಗುಣಿ, ಇನ್ನೊಂದು ಬದಿಗೆ ಕಡಲು, ನಡುವೆ ಗಾಳಿಮರದ ನೆರಳು. ರಸ್ತೆಯಲ್ಲೂ ಹೋಗಬಹುದು, ಆದರೆ ಗಮ್ಮತ್ತು ಇರುವುದು ಬೋಳೂರಿನ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ದಾಟುವುದರಲ್ಲಿ. ಶತ್ರುಗಳ ಹಡಗು ಹೊಳೆಯೊಳಗೆ ಬಾರದಿರಲೆಂದು ಟಿಪ್ಪು 1784ರಲ್ಲಿ ಕಟ್ಟಿಸಿದ ಕಲ್ಲಿನ ಬುರುಜು ಅಲ್ಲಿದೆ. ಅದರ ಕಲ್ಲುಗಳನ್ನು ಬ್ರೂನೋ ಒಂದೊಂದಾಗಿ ಮೂಸಿ ದೋಣಿಯ ಹತ್ತಿರ ಬಂದಾಗ ದೋಣಿಯವರು ಕೇಳಿದರು, "ಇದು ಹಾರ್ತದಾ?"

"ಇಲ್ಲ ಅಣ್ಣ, ಪಾಪದ್ದು."

"ಪಾಪದ್ದೇ, ಆದ್ರೂ ನೀವು ಹಗ್ಗ ಕೈಗೆ ಸುತ್ತಿಕೊಳ್ಬೇಡಿ ಆಯ್ತಾ. ಅದು ಹಾರಿದ್ರೆ ಈಜಿ ಬರ್ತದೆ. ಅದರೊಟ್ಟಿಗೆ ನೀವೂ ಹೋದ್ರೆ ಮತ್ತೆ ನಾನು ಹಾರ್ಬೇಕು."

ದೋಣಿಯಲ್ಲಿದ್ದ ಒಬ್ಬ ಅಜ್ಜಿ ಅವನ ತಲೆಯಿಂದ ಬಾಲದವರೆಗೆ ಅಳತೆ ತೆಗೆದು, "ಇದಕ್ಕೆ ಎಷ್ಟು ಅನ್ನ ಬೇಕು?" ಎಂದರು. ಅನ್ನವಲ್ಲ, ಪ್ಯಾಕೆಟಿನ ಕಾಳು ಎಂದೆ. "ಮೀನು?" ಡಾಕ್ಟರು ಬೇಡವೆಂದಿದ್ದಾರೆ ಎಂದೆ. ಅಜ್ಜಿ ನನ್ನೊಡನೆ ಮತ್ತೆ ಮಾತಾಡಲಿಲ್ಲ. ದಡ ಮುಟ್ಟುವವರೆಗೂ ಬ್ರೂನೋನ ತಲೆ ನೇವರಿಸುತ್ತಾ, ಅವನ ಕಷ್ಟವನ್ನು ತುಳುವಿನಲ್ಲಿ ಅವನಿಗೇ ವಿವರಿಸಿದರು.

ಡಾಕ್ಟರ ಮಾತಿಗೆ ಆಚೆ ದಡದಲ್ಲಿ ಬೆಲೆ ಉಳಿಯಲಿಲ್ಲ. ಅಲ್ಲಿ ಕೈರಂಪಣಿ ಎಳೆಯುತ್ತಿದ್ದರು. ಎರಡು ತಂಡಗಳು ಹಗ್ಗದ ಎರಡು ತುದಿ ಹಿಡಿದು ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾ ಬಲೆಯನ್ನು ದಡಕ್ಕೆ ತರುವಾಗ ನಾಯಿಗಳು ತಮ್ಮ ತಮ್ಮ ಸ್ಥಾನದಲ್ಲಿ ಕೂತಿದ್ದವು, ಒಂದೂ ಬೊಗಳಲಿಲ್ಲ. ಬಲೆ ಬಿಚ್ಚಿ ಬೂತಾಯಿ, ಬಂಗುಡೆ ಬುಟ್ಟಿಗೆ ಹೋಗಿ, ಬೇಡದ್ದನ್ನು ಮರಳಿಗೆ ಎಸೆದ ಮೇಲೆಯೇ ಅವು ಎದ್ದದ್ದು. ಈ ಶಿಸ್ತು ನಮ್ಮ ಮದುವೆ ಹಾಲ್‌ಗಳಲ್ಲಿ ಕಾಣಸಿಗದು. ಶಿಸ್ತು ಗೊತ್ತಿಲ್ಲದ ಬ್ರೂನೋ ನುಗ್ಗಿ ಚೆಂಡಿನ ಹಾಗೆ ಉಬ್ಬಿದ್ದ ಒಂದು ಮೀನಿಗೆ ಬಾಯಿ ಹಾಕಹೊರಟ. ಹಗ್ಗ ಎಳೆಯುತ್ತಿದ್ದವರೊಬ್ಬರು ಅದನ್ನು ಕಾಲಿನಲ್ಲೇ ಒದ್ದು ದೂರ ಹಾರಿಸಿದರು. ಆ ಮೀನಿನ ಯಕೃತ್ತಿನಲ್ಲಿ ಟೆಟ್ರೋಡೋಟಾಕ್ಸಿನ್ ಎಂಬ ವಿಷ ಇರುತ್ತದೆ. ನರ ಮರಗಟ್ಟಿಸಿ ಉಸಿರು ನಿಲ್ಲಿಸುವಂಥದ್ದು, ಬೇಯಿಸಿದರೂ ಹೋಗದ್ದು. ಊರ ನಾಯಿಗಳು ಅದನ್ನು ಮೂಸಿಯೂ ನೋಡಿರಲಿಲ್ಲ. ಸರ್ಟಿಫಿಕೇಟಿನಲ್ಲಿ ಈ ವಿದ್ಯೆ ಬರುವುದಿಲ್ಲ.

ಉಳ್ಳಾಲ, ಸೋಮೇಶ್ವರಗಳಿಗೆ ನಾನು ದೂರದಿಂದಲೇ ನಮಸ್ಕರಿಸುತ್ತೇನೆ. ಉಳ್ಳಾಲದಲ್ಲಿ ಕೊರೆತ ತಡೆಯಲು ಹಾಕಿದ ಬಂಡೆಗಳ ಸಂದಿಯಲ್ಲಿ ನಾಯಿಯ ಕಾಲು ಸಿಕ್ಕಿದರೆ ಕಷ್ಟ. ಸೋಮೇಶ್ವರದ ಕಡಲು ಮನುಷ್ಯರಿಗೇ ಆಗಿ ಬರದು, ದೇವಸ್ಥಾನದ ಅಂಗಳದಿಂದ ನೋಡಲು ಚಂದ. ಸುರತ್ಕಲ್ಲಿನಲ್ಲಿ ದೀಪಸ್ತಂಭ ಉಂಟು, ಬಂಡೆ ಉಂಟು, ಸೆಲ್ಫಿಯವರು ಉಂಟು. ಇನ್ನು ಉಡುಪಿ ಕಡೆಗೆ ಪಡುಬಿದ್ರಿಯ ತನಕ ಹೋದರೆ 2020ರಲ್ಲಿ ಬ್ಲೂ ಫ್ಲ್ಯಾಗ್ ಪಡೆದ ತೀರ ಸಿಗುತ್ತದೆ. ನೀರು ಶುದ್ಧ, ಶೌಚಾಲಯ ಶುದ್ಧ. ಆದರೆ ನಾಯಿ ಮತ್ತಿತರ ಸಾಕುಪ್ರಾಣಿಗಳನ್ನು ಕಟ್ಟುನಿಟ್ಟಾಗಿ ನಿಯಂತ್ರಿಸಬೇಕೆಂಬುದು ಆ ಬಾವುಟದ ನಿಯಮಗಳಲ್ಲೇ ಇದೆ. ತೀರ ಅಂತಾರಾಷ್ಟ್ರೀಯವಾದಷ್ಟೂ ನಾಯಿಗೆ ಪರದೇಶವಾಗುತ್ತಾ ಹೋಗುತ್ತದೆ.

ನಾಯಿ ನಿಜವಾಗಿ ಈಜಬೇಕೆಂದರೆ ಸಸಿಹಿತ್ಲು. ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುವ ಅಳಿವೆ ಅಲ್ಲಿದೆ. ಇಂಡಿಯನ್ ಓಪನ್ ಆಫ್ ಸರ್ಫಿಂಗ್ 2016ರಲ್ಲಿ ಮೊದಲ ಸಲ ನಡೆದದ್ದು ಅಲ್ಲೇ. ಅಂದರೆ ಕಡಲ ಬದಿಯ ಅಲೆ ಹಲಗೆ ಹಿಡಿದವರಿಗೆ ಲಾಯಕ್ಕು, ಬ್ರೂನೋನಂಥವರಿಗಲ್ಲ. ಹೊಳೆಯ ಬದಿಯಲ್ಲಿ ನೀರು ಸಮಾಧಾನದ್ದು. ಆದರೆ ಭರತ ಇಳಿತ ತಿಳಿದುಕೊಂಡೇ ಇಳಿಯಬೇಕು. ಇಳಿತದ ಹೊತ್ತಿಗೆ ಹೊಳೆಯ ನೀರೆಲ್ಲ ಬಾಗಿಲು ತೆರೆದಂತೆ ಕಡಲಿಗೆ ಓಡುತ್ತದೆ, ಎಸೆದ ಚೆಂಡು ಲಕ್ಷದ್ವೀಪಕ್ಕೆ ಹೊರಟುಬಿಡುತ್ತದೆ. ಹೊಟ್ಟೆ ತುಂಬ ಸಿಹಿನೀರು ಕುಡಿಸಿಯೇ ಇಳಿಸಬೇಕು. ಬಾಯಾರಿದ ನಾಯಿ ಉಪ್ಪುನೀರು ಕುಡಿದರೆ ವಾಂತಿ, ಭೇದಿ ಎರಡೂ, ಅದೂ ವಾಪಸಾಗುವಾಗ ಕಾರಿನಲ್ಲಿ.

ಜನವರಿಯಿಂದ ಮಾರ್ಚಿನವರೆಗೆ ಅಲ್ಲಿ ಹಗ್ಗ ಬಿಚ್ಚುವ ಮಾತೇ ಇಲ್ಲ. 2024ರಲ್ಲಿ ಆ ಮರಳಿನಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಟ್ಟಿದ್ದವು. ಅರಣ್ಯ ಇಲಾಖೆಯವರು ಸುತ್ತ ಬೇಲಿ ಕಟ್ಟಿ ಕಾವಲು ಕೂತಿದ್ದರು. ಒಂದು ಗೂಡಿನಲ್ಲಿ ನೂರರಷ್ಟು ಮೊಟ್ಟೆ, ಮರಿಯಾಗಲು ಒಂದೂವರೆ ಎರಡು ತಿಂಗಳು. ಡೆಂಜಿಯ, ಅಂದರೆ ಏಡಿಯ, ಬಿಲ ಕಂಡರೆ ಮೂಗಿನವರೆಗೆ ಅಗೆಯುವ ಬ್ರೂನೋಗೆ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿ ಗೊತ್ತಿಲ್ಲ. ಹಗ್ಗದ ಈಚೆ ತುದಿಯಲ್ಲಿರುವವನಿಗೆ ಗೊತ್ತಿದ್ದರೆ ಸಾಕು. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ರಜೆ. ಆಗ ನಾಯಿಗೂ ರಜೆ, ಅಷ್ಟೇ.

ನನಗೊಂದು ಸಣ್ಣ ಹೊಟ್ಟೆಕಿಚ್ಚು ಇದೆ, ನಾಯಿಯ ಪರವಾಗಿ. ಇದೇ ಜಿಲ್ಲೆಯಲ್ಲಿ ಕೋಣಗಳು ನೀರಿನಲ್ಲಿ ಓಡಲು ರಾತ್ರಿಯಿಡೀ ಹೊನಲು ಬೆಳಕು, ವೀಡಿಯೋ ತೀರ್ಪು, ನೀರು ಎಷ್ಟೆತ್ತರ ಚಿಮ್ಮಿತೆಂದು ಅಳೆಯಲು ನಿಶಾನೆ. ಸುಪ್ರೀಂ ಕೋರ್ಟಿನಲ್ಲಿ ಕಂಬಳದ ಪರ ವಾದಿಸಲು ವಕೀಲರು, 2023ರಲ್ಲಿ ಗೆಲುವು. ನಾಯಿಗೆ ಒಂದು ಕೆರೆಯೂ ಇಲ್ಲ. ಕದ್ರಿಯ ಕೆರೆಗಳು ದೇವರವು, ಈಜುಕೊಳ ಪಾಲಿಕೆಯದು.

ಕೊನೆಗೆ ಬ್ರೂನೋ ಈಜು ಕಲಿತದ್ದು ಕಡಲಿನಿಂದ ದೂರ, ವಿಟ್ಲದ ಭಟ್ಟರ ತೋಟದಲ್ಲಿ. ಅವರು ಮಳೆಗಾಲ ಕಳೆದ ಮೇಲೆ ತೋಡಿಗೆ ಅಡ್ಡಲಾಗಿ ಕಟ್ಟ ಕಟ್ಟುತ್ತಾರೆ. ಹಿಂದೆ ಕಲ್ಲು ಮಣ್ಣು, ಈಗ ಮರಳಿನ ಚೀಲ. ಹಿಂಬದಿಯಲ್ಲಿ ನೀರು ಎದೆಮಟ್ಟ ನಿಂತು, ಸುತ್ತಲಿನ ಬಾವಿಗಳಿಗೆಲ್ಲ ಒರತೆ ಏರುತ್ತದೆ. ಅಲೆಯಿಲ್ಲ, ಉಪ್ಪಿಲ್ಲ, ತಪಾಸಣೆಗೆ ಹಿರಿಯರಿಲ್ಲ. ಬ್ರೂನೋ ದಡದಲ್ಲಿ ನಿಂತು ನೋಡುತ್ತಿದ್ದಾಗ ಒಂದು ಅಡಿಕೆ ಹಾಳೆ ಬಿದ್ದು ತೇಲತೊಡಗಿತು. ನ್ಯೂಫೌಂಡ್‌ಲ್ಯಾಂಡಿನ ಅಜ್ಜಂದಿರು ಒಳಗಿನಿಂದ ಕೂಗಿದರೋ ಏನೋ, ಧಡಾರನೆ ಹಾರಿದ. ಹಾಳೆಯನ್ನು ಕಚ್ಚಿ ತಂದು ಭಟ್ಟರ ಕಾಲ ಬುಡದಲ್ಲಿಟ್ಟ. ಭಟ್ಟರು ಮತ್ತೊಂದು ಎಸೆದರು. ಅದನ್ನೂ ತಂದ. ಮಧ್ಯಾಹ್ನದೊಳಗೆ ತೋಡಿನಲ್ಲಿದ್ದ ಹಾಳೆ, ಸೋಗೆ, ಒಂದು ಹಳೆ ಪ್ಲಾಸ್ಟಿಕ್ ಕೊಡಪಾನ ಎಲ್ಲ ದಡ ಸೇರಿ, ಕಟ್ಟ ಸ್ವಚ್ಛವಾಯಿತು.

"ಮಾರಾಯ್ರೆ, ಇದನ್ನು ಇಲ್ಲೇ ಬಿಟ್ಟು ಹೋಗಿ," ಎಂದರು ಭಟ್ಟರು. "ತೋಟದ ಕೆಲಸಕ್ಕೆ ಜನವೇ ಸಿಗುವುದಿಲ್ಲ. ಸಂಬಳ ಎಷ್ಟು?"

"ಎರಡು ಹೊತ್ತು ಊಟ, ಮಧ್ಯಾಹ್ನ ನಿದ್ದೆ."

ಭಟ್ಟರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು. "ನಿದ್ದೆ ಎಷ್ಟು ಗಂಟೆ?"