ಚತುರ್ಮುಖ ಟೈಮರ್ ಮೀಮಾಂಸೆ

ಒಂದೇ ಹೊತ್ತಿಗೆ ನಾಲ್ಕು ಕೆಲಸಗಳ ಅವಧಿಯನ್ನು ಬೇರೆಬೇರೆಯಾಗಿ ಎಣಿಸಿ, ಒಂದೊಂದರ ಗಡುವು ಮುಗಿದಾಗಲೂ ಬಡಿದುಕೊಳ್ಳುವ ಅಂಗೈಯಗಲದ ಯಂತ್ರಕ್ಕೆ ಬಹುಘಟನಾ ಡಿಜಿಟಲ್ ಟೈಮರ್ ಎಂದು ಹೆಸರು. ಮುಖದಲ್ಲಿ ಎಲ್‌ಸಿಡಿ ಪರದೆ, ಅದರ ಕೆಳಗೆ ಟಿ1ರಿಂದ ಟಿ4ರವರೆಗೆ ನಾಲ್ಕು ಗುಂಡಿ, ಬೆನ್ನಲ್ಲಿ ಅಯಸ್ಕಾಂತ, ಕಟ್ಟೆಯ ಮೇಲೆ ನಿಲ್ಲಿಸಲು ಮಡಚುವ ಕಾಲು, ಹೊಟ್ಟೆಯಲ್ಲಿ ಸೆಲ್ಲು: ಇವು ಇದರ ಪಂಚಾಂಗ. ಅಡುಗೆಮನೆಯ ಮೊಳೆಗೆ ನೇತುಹಾಕಿದ ಇನ್ನೊಂದು ಪಂಚಾಂಗದೊಡನೆ ಇದನ್ನು ಬೆರೆಸಬಾರದು. ಅದು ಕೆಲಸವನ್ನು ಯಾವಾಗ ಶುರುಮಾಡಬೇಕೆಂದು ಹೇಳುತ್ತದೆ, ಇದು ಯಾವಾಗ ನಿಲ್ಲಿಸಬೇಕೆಂದು. ಎರಡನ್ನೂ ಪಾಲಿಸುವ ಮನೆಗಳಲ್ಲಿ ಕೆಲಸಕ್ಕೆ ಉಳಿಯುವ ಹೊತ್ತು ಬಹಳ ಕಡಿಮೆ.

ಈ ಶಾಸ್ತ್ರದ ಮೂಲಗ್ರಂಥ ಪೆಟ್ಟಿಗೆಯೊಳಗೆ ಎಂಟು ಮಡಿಕೆಯಾಗಿ ಬರುವ ಒಂದು ಹಾಳೆ. ಇಂಗ್ಲಿಷ್, ಜರ್ಮನ್, ಚೀನೀ ಪಾಠಗಳುಂಟು, ಕನ್ನಡ ಪಾಠವಿಲ್ಲ. ಬಳಕೆಯಲ್ಲಿರುವ ಪ್ರತಿಗಳಲ್ಲಿ ಮಡಿಕೆಯ ಮೇಲೆ ಬಿದ್ದ ಅಕ್ಷರಗಳು ಸವೆದುಹೋಗಿವೆ. ಟಿ3ರ ವಿವರವಿರುವ ಜಾಗ ಒಗ್ಗರಣೆಯ ಎಣ್ಣೆ ಕುಡಿದು ಪಾರದರ್ಶಕವಾಗಿ, ಹಿಂಬದಿಯ ಜರ್ಮನ್ ಮುಂಬದಿಯ ಇಂಗ್ಲಿಷಿನೊಳಗೆ ಇಣುಕುತ್ತದೆ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ “ಹಾಲು ಅರ್ಧ ಲೀಟರ್ ಜಾಸ್ತಿ, ಶುಕ್ರವಾರ ಬೇಡ” ಎಂಬ ಸಾಲು ಪ್ರಕ್ಷಿಪ್ತವೆಂಬುದರಲ್ಲಿ ಸಂಪಾದಕರಿಗೆ ಸಂಶಯವಿಲ್ಲ. ಆದರೆ ಇಡೀ ಹಾಳೆಯಲ್ಲಿ ಮನೆಯವರು ತಿರುಗಿ ಓದುವ ಸಾಲು ಅದೊಂದೇ ಆದ್ದರಿಂದ ಅದನ್ನು ಕೈಬಿಡುವಂತೆಯೂ ಇಲ್ಲ.

ಯಂತ್ರದ ಜೀವ ಇರುವುದು ಒಂದು ಪುಟ್ಟ ಕ್ವಾರ್ಟ್ಸ್ ಹರಳಿನಲ್ಲಿ. ವಿದ್ಯುತ್ ಹಾಯಿಸಿದಾಗ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧ ಮಾಡಿದರೆ ಉಳಿಯುವುದು ಸರಿಯಾಗಿ ಒಂದು. ಹಾಗೆ ಅರ್ಧ ಮಾಡುವುದನ್ನೇ ಕಸುಬು ಮಾಡಿಕೊಂಡ ಚಿಪ್ಪೊಂದು ಪಕ್ಕದಲ್ಲಿ ಕೂತಿರುತ್ತದೆ. ಕೈಗಡಿಯಾರ, ಗೋಡೆಗಡಿಯಾರಗಳಲ್ಲೂ ಇದೇ ಏರ್ಪಾಡು. “ಇನ್ನೊಂಚೂರು ಬೇಯ್ಲಿ” ಎಂಬ ಮಾನದಲ್ಲೇ ತಲೆತಲಾಂತರದಿಂದ ನಡೆದುಬಂದ ಅಡುಗೆಮನೆಗೆ ಇಷ್ಟೊಂದು ನಿಖರತೆ ಏತಕ್ಕೆ ಎಂಬುದೇ ಈ ವಿಷಯದ ಮೊದಲ ಪೂರ್ವಪಕ್ಷ.

ಪೂರ್ವಪಕ್ಷಕ್ಕೆ ಉತ್ತರ ಕೊಡುವ ಮೊದಲು ಹಳೆಯ ಮಾನಗಳನ್ನು ನೋಡಬೇಕು. ಒಂದು ಹಗಲುರಾತ್ರಿಗೆ 60 ಘಳಿಗೆ. ಘಳಿಗೆಗೆ 24 ನಿಮಿಷ. ಎರಡು ಘಳಿಗೆಗೆ ಒಂದು ಮುಹೂರ್ತ. ಘಳಿಗೆಯನ್ನು ಅಳೆಯುತ್ತಿದ್ದುದು ತಳದಲ್ಲಿ ತೂತಿರುವ ತಾಮ್ರದ ಬಟ್ಟಲಿನಿಂದ. ನೀರಿನ ಮೇಲೆ ತೇಲಿಬಿಟ್ಟರೆ ಅದು ಮೆಲ್ಲಗೆ ತುಂಬಿ ಮುಳುಗುತ್ತಿತ್ತು. ಭಾಸ್ಕರಾಚಾರ್ಯರ ಮಗಳು ಲೀಲಾವತಿ ತನ್ನ ಮದುವೆಯ ಮುಹೂರ್ತಕ್ಕೆ ಇಟ್ಟ ಇಂಥ ಬಟ್ಟಲಿನೊಳಗೆ ಕುತೂಹಲದಿಂದ ಬಗ್ಗಿ ನೋಡಿದಳೆಂದೂ, ಅವಳ ಒಡವೆಯ ಮುತ್ತೊಂದು ಉದುರಿ ತೂತಿಗೆ ಸಿಕ್ಕಿಕೊಂಡಿತೆಂದೂ, ಬಟ್ಟಲು ಮುಳುಗದೆ ಮುಹೂರ್ತ ಮೀರಿತೆಂದೂ ಒಂದು ಐತಿಹ್ಯವಿದೆ. ಕಥೆ ನಡೆದದ್ದೋ ಕಟ್ಟಿದ್ದೋ, ಅದರ ತಾಂತ್ರಿಕ ಪಾಠ ಮಾತ್ರ ಇಂದಿಗೂ ಜಾರಿಯಲ್ಲಿದೆ. ಟೈಮರ್ ಇಟ್ಟ ಮೇಲೂ ನಿಮಿಷಕ್ಕೊಮ್ಮೆ ಮುಚ್ಚಳ ತೆಗೆದು ಇಣುಕುವವರಿಂದಲೇ ಇಡ್ಲಿ ಬೇಯುವುದು ತಡವಾಗುತ್ತದೆ.

ಬಟ್ಟಲಿನ ನಂತರ ಬಂದದ್ದು ರೇಡಿಯೋ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿದಾಗ ಅದೊಂದು ಗೃಹಕೃತ್ಯದ ಉಪಕರಣವಾಗುತ್ತದೆಂದು ಯಾರೂ ಊಹಿಸಿರಲಾರರು. ಮುಂದೆ 1974ರಲ್ಲಿ ಆಕಾಶವಾಣಿಯ ಸಂಸ್ಕೃತ ವಾರ್ತೆ ಆರಂಭವಾಯಿತು. ಬೆಳಿಗ್ಗೆ 6.55ಕ್ಕೆ ತೊಡಗಿ ಐದೇ ನಿಮಿಷದಲ್ಲಿ ಮುಗಿಯುತ್ತಿದ್ದ ಈ ವಾರ್ತೆ, ಸಂಸ್ಕೃತದ ಗಂಧಗಾಳಿ ಇಲ್ಲದ ಮನೆಗಳಲ್ಲೂ ಐದು ನಿಮಿಷವನ್ನು ಅಳೆಯುವ ಪ್ರಮಾಣವಾಗಿ ನೆಲೆಯಾಯಿತು. ಅದು ಮುಗಿಯುವುದರೊಳಗೆ ಸ್ನಾನದ ಮನೆಯಿಂದ ಹೊರಗೆ ಬರದ ಹುಡುಗನಿಗೆ ಸ್ಕೂಲ್ ಬಸ್ ತಪ್ಪುತ್ತಿತ್ತು. ದೇವಭಾಷೆ ಅಷ್ಟರ ಮಟ್ಟಿಗೆ ಜನಬಳಕೆಗೆ ಬಂದಿತ್ತೆನ್ನಬಹುದು.

ಆದರೆ ಕನ್ನಡದ ಅಡುಗೆಮನೆಯ ನಿಜವಾದ ಕಾಲಮಾನ ಕುಕ್ಕರಿನ ಕೂಗು. ಕೂಗು ಎಂಬ ಏಕಮಾನದ ಜನಕ ಫ್ರಾನ್ಸಿನ ಡೆನಿ ಪಾಪಾಂ. 1679ರಲ್ಲಿ ಅವನು ಮೂಳೆಯನ್ನೂ ಮೆತ್ತಗಾಗಿಸುವ ಬಿಗಿಮುಚ್ಚಳದ ಪಾತ್ರೆಯೊಂದನ್ನು ಮಾಡಿ, ಅದು ಸಿಡಿಯದಿರಲೆಂದು ಮೇಲೊಂದು ಸುರಕ್ಷಾ ಕವಾಟ ಇಟ್ಟ. ಇಂದಿನ ಕುಕ್ಕರಿನೊಳಗಿನ ಒತ್ತಡ ಹೊರಗಿನದಕ್ಕಿಂತ ಸುಮಾರು ಒಂದು ವಾಯುಭಾರದಷ್ಟು ಹೆಚ್ಚು; ಅದರಿಂದ ನೀರು 120 ಡಿಗ್ರಿಯ ಆಸುಪಾಸಿಗೆ ಏರಿದ ಮೇಲೆ ಕುದಿಯುತ್ತದೆ. ಒತ್ತಡ ಮಿತಿ ಮೀರಿದಾಗ ವೆಯ್ಟ್ ಎದ್ದು ಹಬೆಯನ್ನು ಹೊರಗೆ ಬಿಡುವುದೇ ಕೂಗು. ಅಂದರೆ ಅದು ಕಾಲದ ಲೆಕ್ಕವಲ್ಲ, ಹಬೆಯ ದೂರು. ಉರಿ ದೊಡ್ಡದಿದ್ದರೆ ಬೇಗ ಕೂಗುತ್ತದೆ, ನೀರು ಹೆಚ್ಚಿದ್ದರೆ ತಡವಾಗಿ ಕೂಗುತ್ತದೆ, ಗ್ಯಾಸ್ಕೆಟ್ ಸಡಿಲವಾಗಿದ್ದರೆ ಕೂಗದೆ ಬದಿಯಿಂದ ಬುಸುಗುಡುತ್ತದೆ. ಮೊದಲ ಕೂಗಿಗೆ ಹತ್ತು ನಿಮಿಷ ಕಾಯಿಸಿದ ಕುಕ್ಕರು ಎರಡನೆಯದನ್ನು ಎರಡೇ ನಿಮಿಷದಲ್ಲಿ ಹಾಕಿಬಿಡುತ್ತದೆ. ಒತ್ತಡ ತುಂಬಿದೊಡನೆ ಉರಿ ಸಣ್ಣ ಮಾಡಿ ನಿಮಿಷ ಎಣಿಸಬೇಕೆಂದು ಕುಕ್ಕರ್ ಪುಸ್ತಿಕೆಗಳು ಹೇಳುತ್ತವೆ. ಅವನ್ನು ಓದಿದವರು ಅವನ್ನು ಅಚ್ಚು ಹಾಕಿದವರು ಮಾತ್ರ.

ಕೂಗಿನ ಲೆಕ್ಕದಲ್ಲಿ ಶಾಸ್ತ್ರಕಾರರು ಎರಡು ದೋಷಗಳನ್ನು ಗುರುತಿಸುತ್ತಾರೆ. ಮೊದಲನೆಯದು ಸ್ಮೃತಿದೋಷ. “ಎಷ್ಟು ಕೂಗಿತು?” ಎಂದು ಕೇಳಿದರೆ ಮನೆಯಲ್ಲಿ ಇಬ್ಬರ ಉತ್ತರ ಒಂದಾಗುವುದಿಲ್ಲ, ಎರಡು ಎನ್ನುವವರೂ ನಾಲ್ಕು ಎನ್ನುವವರೂ ಇದ್ದಾಗ ಮೂರಕ್ಕೆ ರಾಜಿಯಾಗುತ್ತದೆ, ಬೇಳೆಯನ್ನು ಯಾರೂ ಕೇಳುವುದಿಲ್ಲ. ಎರಡನೆಯದು ಪರಕೂಗು ದೋಷ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಅಡುಗೆಮನೆಯ ಯುಟಿಲಿಟಿಗಳು ಎದುರುಬದುರಾಗಿರುವುದರಿಂದ, ಎದುರುಮನೆಯ ಕೂಗನ್ನು ಸ್ವಂತದ ಲೆಕ್ಕಕ್ಕೆ ಜಮಾ ಮಾಡಿ ಒಲೆ ಆರಿಸುವುದು ಸಾಮಾನ್ಯ. ಆ ದಿನದ ಸಾರಿನಲ್ಲಿ ಬೇಳೆ ಬೇರೆ, ನೀರು ಬೇರೆ. ಈ ಎರಡೂ ದೋಷಗಳಿಂದ ಟೈಮರ್ ಮುಕ್ತ. ಅದು ನೆರೆಮನೆಯ ಬೇಳೆಯನ್ನು ಎಣಿಸುವುದಿಲ್ಲ.

ಹಾಗಾದರೆ ನಿಮಿಷವೇ ಪರಮಪ್ರಮಾಣವೇ? ಅದೂ ಅಲ್ಲ. ಸಮುದ್ರಮಟ್ಟದ ಮಂಗಳೂರಿನಲ್ಲಿ ನೀರು 100 ಡಿಗ್ರಿಗೆ ಕುದಿದರೆ, ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ 97ಕ್ಕೇ ಕುದಿದುಬಿಡುತ್ತದೆ. ಅದಕ್ಕಿಂತ ಬಿಸಿಯಾಗಲು ತೆರೆದ ಪಾತ್ರೆಯ ನೀರಿಗೆ ಮನಸ್ಸಿಲ್ಲ. ಹೀಗಾಗಿ ಮಂಗಳೂರಿನಿಂದ ಬಂದ ಅತ್ತೆ ತಂದ ಕುಚ್ಚಲಕ್ಕಿಗೆ ಅಲ್ಲಿ ಮುಕ್ಕಾಲು ಗಂಟೆ ಸಾಕಾಗುತ್ತಿತ್ತೆಂದರೆ ಇಲ್ಲಿ ಅದು ಸಾಲದು. ಟೈಮರ್ ಹೊಡೆದ ಮೇಲೂ ಅನ್ನ ಕಚಕಚ ಎಂದರೆ ಅದು ಸೊಸೆಯ ತಪ್ಪಲ್ಲ, ದಖ್ಖನ್ ಪ್ರಸ್ಥಭೂಮಿಯ ತಪ್ಪು. ಈ ಭೌಗೋಳಿಕ ವಾದವನ್ನು ಊಟದ ಮನೆಯಲ್ಲಿ ಮಂಡಿಸಿ ಗೆದ್ದ ಸೊಸೆ ಇನ್ನೂ ಹುಟ್ಟಿಲ್ಲ.

ಇನ್ನು ಪ್ರಯೋಗ. ಬೆಳಗಿನ ಹೊತ್ತಿಗೆ ರೂಢಿಯ ವಿಂಗಡಣೆ ಹೀಗೆ: ಟಿ1 ಕುಕ್ಕರಿಗೆ, ಟಿ2 ಹಾಲಿಗೆ, ಟಿ3 ನೀರಿನ ಮೋಟಾರಿಗೆ, ಟಿ4 ಮಗುವಿಗೆ. ಇವುಗಳಲ್ಲಿ ಟಿ2 ಶುದ್ಧ ಭ್ರಮೆ. ಕಾಯುವ ಹಾಲಿನ ಮೇಲೆ ಕೊಬ್ಬು, ಪ್ರೋಟೀನು ಸೇರಿ ಕೆನೆ ಕಟ್ಟುತ್ತದೆ. ತಳದಿಂದ ಏಳುವ ಹಬೆ ದಾರಿ ತಪ್ಪಿ, ನೊರೆಯಾಗಿ, ಕೆನೆಯನ್ನೇ ಹೊತ್ತುಕೊಂಡು ಏಳುತ್ತದೆ. ಇದಕ್ಕೆ ನಾಲ್ಕು ನಿಮಿಷವೂ ಆಗಬಹುದು, ಆರೂ ಆಗಬಹುದು. ಮೊದಲ ಗುಳ್ಳೆಯಿಂದ ಒಲೆಯ ಮೇಲೆ ಚೆಲ್ಲುವ ತನಕದ ಅಂತರವಂತೂ, ಅಡುಗೆಮನೆಯ ಬಾಗಿಲಿನಿಂದ ಒಲೆಗೆ ಓಡಿಬರಲು ಬೇಕಾದುದಕ್ಕಿಂತ ಸದಾ ಒಂದು ಹೆಜ್ಜೆ ಕಡಿಮೆ. ಟಿ2 ಹೊಡೆಯುವ ಹೊತ್ತಿಗೆ ಬರ್ನರ್ ಆರಿ, ಕಟ್ಟೆಯ ಅಂಚಿನಿಂದ ಹಾಲು ಕೆಳಗಿನ ಡ್ರಾಯರಿಗೆ ತೊಟ್ಟಿಕ್ಕುತ್ತಿರುತ್ತದೆ.

ಟಿ3ರ ವಿಚಾರ ಬೇರೆ. ಟೈಮರಿನ ಹೆಸರು ಉಳಿದಿರುವುದೇ ಅದರಿಂದ. ಸಂಪಿನಿಂದ ಮಾಳಿಗೆಯ ಟ್ಯಾಂಕಿಗೆ ನೀರೇರಿಸುವ ಮೋಟಾರು ಹಾಕಿದ್ದು ಮರೆತರೆ, ಹಿಂದೆ ಎಚ್ಚರಿಸುತ್ತಿದ್ದುದು ಪಕ್ಕದ ಮನೆಯವರ “ಟ್ಯಾಂಕ್ ತುಂಬಿ ಹರೀತಿದೆ ಕಣ್ರೀ!” ಎಂಬ ಘೋಷಣೆ. ಅದರಲ್ಲಿ ಮಾಹಿತಿಗಿಂತ ಬೇರೆ ಅಂಶಗಳೂ ಬೆರೆತಿರುತ್ತಿದ್ದವು. ಈಗ ಅರ್ಧ ಗಂಟೆಗೆ ಗುಂಡಿ ಒತ್ತಿದರೆ ಸಾಕು. ಕರೆಂಟು ಹೋದರೆ ಮಾತ್ರ ಮೋಟಾರು ನಿಲ್ಲುತ್ತದೆ, ಟೈಮರ್ ನಿಲ್ಲುವುದಿಲ್ಲ; ಅದರ ಕರೆಂಟು ಅದರ ಹೊಟ್ಟೆಯಲ್ಲೇ ಇದೆ. ಅರ್ಧ ಗಂಟೆ ಮುಗಿಯಿತೆಂದು ಅದು ಬಡಿದುಕೊಂಡಾಗ ಟ್ಯಾಂಕು ಕಾಲು ಭಾಗವೂ ತುಂಬಿರುವುದಿಲ್ಲ; ಸೋಪು ಹಚ್ಚಿಕೊಂಡವರು ಸ್ನಾನದ ಮನೆಯಿಂದ ಅದನ್ನು ದೃಢಪಡಿಸುತ್ತಾರೆ.

ಟಿ4ರಲ್ಲಿ ಅರ್ಧ ಗಂಟೆ ಗಣಿತ, ಕಾಲು ಗಂಟೆ ಮೊಬೈಲು. ಶುರುಮಾಡುವ ಗುಂಡಿಯೇ ನಿಲ್ಲಿಸುವ ಗುಂಡಿಯೂ ಹೌದೆಂಬ ಮೂಲಗ್ರಂಥದ ಸೂತ್ರವನ್ನು ಮನೆಯಲ್ಲಿ ಪೂರ್ತಿ ಅರ್ಥಮಾಡಿಕೊಂಡವರು ಮಕ್ಕಳು ಮಾತ್ರ. ಗಣಿತದ ನಡುವೆ ನೀರು ಕುಡಿಯಲು ಎದ್ದಾಗ ಅವರು ಟೈಮರ್ ನಿಲ್ಲಿಸುವುದಿಲ್ಲ. ಮೊಬೈಲಿನ ನಡುವೆ ಜಾಹೀರಾತು ಬಂದಾಗಲೂ ನಿಲ್ಲಿಸುತ್ತಾರೆ.

ಹೆಚ್ಚು ಹೊತ್ತಿನ ಕೆಲಸಗಳಿಗೂ, ಅಂದರೆ ದೋಸೆಹಿಟ್ಟು ಹುದುಗಲು, ಮೊಸರು ಹೆಪ್ಪಾಗಲು, ಕಾಳು ನೆನೆಯಲು, ಇದನ್ನು ಹಚ್ಚಬಹುದೆಂದು ಕೆಲವರ ಮತ. ಹಿಟ್ಟಿಗೆ ಹವೆಯ ಬಿಸಿ ಗೊತ್ತೇ ಹೊರತು ಗಂಟೆ ಗೊತ್ತಿಲ್ಲದ ಕಾರಣ ಈ ಮತ ನಿಲ್ಲುವುದಿಲ್ಲ; ಏಪ್ರಿಲಿನ ರಾಯಚೂರಿನಲ್ಲಿ ಪಾತ್ರೆಯಿಂದ ಹೊರಗೆ ಬರುವ ಹಿಟ್ಟು ಜುಲೈನ ಮಡಿಕೇರಿಯಲ್ಲಿ ಬೆಳಗಾದರೂ ಮಲಗಿರುತ್ತದೆ. ಇನ್ನೊಂದು ಅಪಾಯವೆಂದರೆ ಗಂಟೆಯ ಅಂಕಣಕ್ಕೂ ನಿಮಿಷದ ಅಂಕಣಕ್ಕೂ ನಡುವೆ ಇರುವುದು ಎರಡು ಚುಕ್ಕೆ ಮಾತ್ರ. ಬೆಳಿಗ್ಗೆ ಏಳೂವರೆಗೆ ಇಡ್ಲಿಗೆಂದು ಇಟ್ಟ ಹತ್ತು ನಿಮಿಷ ಹತ್ತು ಗಂಟೆಯಾಗಿ ಕೂತು, ಸಂಜೆ ಐದೂವರೆಗೆ, ಇಡ್ಲಿ ತಿಂದವರೆಲ್ಲ ಅದನ್ನು ಮರೆತ ಮೇಲೆ, ಕರ್ತವ್ಯನಿಷ್ಠೆಯಿಂದ ಹೊಡೆದುಕೊಳ್ಳುತ್ತದೆ.

ಧ್ವನಿಯ ವಿಷಯದಲ್ಲಿ ತಯಾರಕರ ಯೋಜನೆ ಸೊಗಸಾಗಿದೆ: ಟಿ1ಕ್ಕೆ ಒಂದು ಬೀಪು, ಟಿ2ಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಎರಡು ಗಡುವುಗಳು ಒಟ್ಟಿಗೆ ಮುಗಿದರೆ ಒಂದು ಮತ್ತು ಮೂರು ಸೇರಿ ನಾಲ್ಕಾಗುವ ಸಂಧಿಕಾರ್ಯವನ್ನು ಮಾತ್ರ ಅವರು ಗಮನಿಸಲಿಲ್ಲ. ಸದ್ದು ಹೊರಡಿಸುವ ಪೀಜೋ ಬಿಲ್ಲೆ ಹೆಚ್ಚಿನ ಕಂಪನಾಂಕದ್ದು, ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಅಂಥ ಸ್ವರಗಳನ್ನೇ. ಹಾಗಾಗಿ ಟೈಮರಿನ ಪಕ್ಕದಲ್ಲೇ ಪೇಪರ್ ಓದುತ್ತ ಕೂತ ತಾತನಿಗೆ ಅದು ಕೇಳಿಸುವುದಿಲ್ಲ. ಅಥವಾ ಕೇಳಿಸುವುದಿಲ್ಲವೆಂದು ವಾದಿಸಲು ಶಾಸ್ತ್ರಾಧಾರವಿದೆ.

ಇಲ್ಲಿಗೆ ವಿಷಯದ ತಿರುಳು ಬಂತು. “ಒಲೆ ಆರಿಸತಕ್ಕದ್ದು” ಎಂಬ ವಿಧಿ ಟೈಮರಿನ ಪ್ರತಿ ಬೀಪಿನಲ್ಲೂ ಇದೆ. ವಿಧಿ ಯಾರನ್ನು ಕುರಿತದ್ದು, ಅದರ ಅಧಿಕಾರಿ ಯಾರು ಎಂಬುದು ಮೀಮಾಂಸೆಯ ಹಳೆಯ ಪ್ರಶ್ನೆ. ಜೈಮಿನಿ ಸೂತ್ರಗಳ ಹನ್ನೆರಡು ಅಧ್ಯಾಯಗಳಲ್ಲಿ ಆರನೆಯದು ಈ ವಿಚಾರಕ್ಕೇ ಮೀಸಲು. ಟೈಮರಿನ ಹಾಳೆಯಲ್ಲಿ ಇದರ ಬಗ್ಗೆ ಒಂದಕ್ಷರವಿಲ್ಲ. ಗಡುವು ಮುಗಿದದ್ದು ಮನೆಯಲ್ಲಿರುವ ಐವರಿಗೂ ಏಕಕಾಲಕ್ಕೆ ತಿಳಿಯುತ್ತದೆ, ಏಳುವವರಿಲ್ಲ. ವ್ಯವಹಾರದಲ್ಲಿ ಕಂಡುಬರುವ ಪಾಠಗಳು ಹೀಗಿವೆ: “ಏನ್ರೀ, ಅದು ಬಡ್ಕೊಳ್ತಾ ಇದೆ, ಸ್ವಲ್ಪ ನೋಡ್ರೀ.” “ಯಾವುದು? ಯುಪಿಎಸ್ ಇರ್ಬೇಕು.” “ಅಮ್ಮಾ, ನಿಂದೇ ಅದು.” ಮೂರನೆಯ ಪಾಠದಲ್ಲಿ ಸಿದ್ಧಾಂತ ಅಡಗಿದೆ. ಟೈಮರಿಗೆ ನಾಲ್ಕು ಚಾನೆಲ್ಲು. ನಾಲ್ಕೂ ಹರಿದುಬಂದು ಸೇರುವುದು ಒಬ್ಬಳ ಕಿವಿಗೆ. ಅವಳು ಸ್ನಾನದಲ್ಲಿರಲಿ, ಫೋನಿನಲ್ಲಿರಲಿ, ಕೈಯಲ್ಲಿ ಹೂರಣ ಮೆತ್ತಿಕೊಂಡಿರಲಿ, ಸದ್ದು ಯಾವ ದಿಕ್ಕಿನಿಂದ ಬಂದರೂ ಉಳಿದ ನಾಲ್ವರ ಮುಖ ತಿರುಗುವುದು ಅವಳ ಕಡೆಗೆ.

ಇದಕ್ಕೆ ಅಪವಾದವಾಗಿ ಒಮ್ಮೊಮ್ಮೆ ಯಜಮಾನರು ಏಳುವುದುಂಟು. ಎದ್ದು, ಫ್ರಿಜ್ಜಿನವರೆಗೆ ನಡೆದು, ಕನ್ನಡಕ ಹಣೆಗೇರಿಸಿ, ಮಿನುಗುತ್ತಿರುವ ಗುಂಡಿಯನ್ನು ಹುಡುಕಿ ಒತ್ತಿ, ಸದ್ದಡಗಿದ ಸಮಾಧಾನದಿಂದ ಹಿಂತಿರುಗುತ್ತಾರೆ. ಎರಡು ಮಾರು ದೂರದಲ್ಲಿ ಒಲೆ ಉರಿಯುತ್ತಲೇ ಇರುತ್ತದೆ. ಕಾಲು ಗಂಟೆಯ ಮೇಲೆ ಹುರುಳಿಕಾಯಿ ಪಲ್ಯದ ವಾಸನೆ ನಡುಮನೆಗೆ ಬಂದಾಗ ಅವರ ವಾದ ಸಂಕ್ಷಿಪ್ತ: “ನೋಡ್ರೀ ಅಂದೆ, ನೋಡಿದೆ.” ವಿಧಿವಾಕ್ಯದ ಅಕ್ಷರಾರ್ಥದಂತೆ ಇದರಲ್ಲಿ ಲೋಪವಿಲ್ಲ. ಸದ್ದನ್ನು ಅಡಗಿಸಿದವರು ಅದರ ಕಾರಣವನ್ನೂ ವಿಚಾರಿಸತಕ್ಕದ್ದು ಎಂಬ ಪೂರಕ ವಿಧಿಯನ್ನು ಸೇರಿಸಬೇಕೆಂಬ ಸಲಹೆ ಹಲವು ಮನೆಗಳಲ್ಲಿ ಚರ್ಚೆಯಾಗಿದೆ; ಎಲ್ಲಿಯೂ ಅಂಗೀಕಾರವಾದಂತಿಲ್ಲ.

ಅವಸಾನದ ವಿಚಾರ ಚಿಕ್ಕದು. ಟೈಮರಿಗೆ ಬೇಕಾದ ಎಎಎ ಸೆಲ್ಲೇ ಟಿವಿ ರಿಮೋಟಿಗೂ ಬೇಕು. ಎರಡಕ್ಕೂ ಸಾಲದಾದಾಗ, ವಿಶೇಷವಾಗಿ ಕ್ರಿಕೆಟ್ ಇರುವ ಸಂಜೆ, ಆದ್ಯತೆ ಯಾವುದಕ್ಕೆಂಬ ಪ್ರಶ್ನೆಗೆ ಭಿನ್ನಮತವಿಲ್ಲ. ಸೆಲ್ ತೆಗೆದೊಡನೆ ನಾಲ್ಕೂ ಚಾನೆಲ್ಲುಗಳ ನೆನಪು ಅಳಿಸಿಹೋಗುತ್ತದೆ, ಹೊಸ ಸೆಲ್ ತರುವವರ ನೆನಪೂ ಅಷ್ಟೇ. ಅಯಸ್ಕಾಂತಕ್ಕೆ ಸೆಲ್ ಬೇಡವಾದ್ದರಿಂದ ಯಂತ್ರ ಫ್ರಿಜ್ಜಿನ ಬಾಗಿಲಲ್ಲೇ ಉಳಿದು, ಕರೆಂಟ್ ಬಿಲ್ಲು, ಮದುವೆ ಕಾಗದಗಳನ್ನು ಬೀಳದಂತೆ ಒತ್ತಿಹಿಡಿಯುವ ಕೆಲಸಕ್ಕೆ ವರ್ಗವಾಗುತ್ತದೆ. ಬಿಲ್ಲು ಕಟ್ಟುವ ಕೊನೆಯ ದಿನ ದಾಟಿದರೂ ಅದು ಬಡಿದುಕೊಳ್ಳುವುದಿಲ್ಲ.