ಇಂಟರ್‌ವ್ಯೂ ಅಣ್ಣ

ಬೈರಸಂದ್ರ, ತಾವರೆಕೆರೆ, ಮಡಿವಾಳ ಮೂರೂ ಸೇರಿ ಬಿಟಿಎಂ ಲೇಔಟ್ ಎನಿಸಿಕೊಂಡ ಬೆಂಗಳೂರಿನ ಆ ಮೂಲೆಯಲ್ಲಿ ಪಿಜಿಗೊಬ್ಬ ಇಂಟರ್‌ವ್ಯೂ ಅಣ್ಣ ಇದ್ದೇ ಇರುತ್ತಾನೆ. ಊರು ಹಾಸನವೋ ಗದಗವೋ. ಡಿಗ್ರಿ ಮಾತ್ರ ವಿಟಿಯುದು. ಕೆಲಸ ಇಲ್ಲವೇ ಎಂದು ಕೇಳಬೇಡಿ. ಅವನು ‘ಎಕ್ಸ್‌ಪ್ಲೋರಿಂಗ್ ಆಪರ್ಚುನಿಟೀಸ್’. ಹಿಂದಿನ ಕಂಪನಿ ಮನೆಗೆ ಕಳಿಸಿದ್ದು ‘ಪ್ರಾಜೆಕ್ಟ್ ಕ್ಲೋಷರ್’, ಆಮೇಲಿನ ಖಾಲಿ ತಿಂಗಳುಗಳು ‘ಅಪ್‌ಸ್ಕಿಲ್ಲಿಂಗ್’.

ರಾತ್ರಿ ಅನ್ನ-ಸಾಂಬಾರಿನ ತಟ್ಟೆ ಹಿಡಿದ ಹೊಸ ಹುಡುಗರು ಅವನ ಮಂಚದ ಸುತ್ತ ಸೇರುತ್ತಾರೆ.

“ಅಣ್ಣಾ, ನಾಳೆ ಇಂಟರ್‌ವ್ಯೂ ಕೊಡ್ತಿದೀನಿ.”

“ಕೊಡೋರು ಸಿನಿಮಾ ಸ್ಟಾರ್‌ಗಳು ಕಣೋ, ಪೇಪರ್‌ನೋರಿಗೆ. ನೀನು ಅಟೆಂಡ್ ಮಾಡ್ತೀಯ. ಕೆಲ್ಸ ಸಿಕ್ರೆ ಕ್ರ್ಯಾಕ್ ಮಾಡ್ದೆ ಅನ್ನು.”

ಸಿಗದಿದ್ದರೆ? ಅದಕ್ಕೂ ಮಾತಿದೆ: ‘ಪ್ರೊಫೈಲ್ ಹೋಲ್ಡ್‌ನಲ್ಲಿದೆ’. ಅಣ್ಣನ ಪದಕೋಶದಲ್ಲಿ ರಿಜೆಕ್ಟ್ ಎಂಬ ಶಬ್ದವೇ ಇಲ್ಲ.

‘ಮೈಸೆಲ್ಫ್ ಮಂಜುನಾಥ’ ಎಂದವನಿಗೆ ಅಲ್ಲೇ ತಡೆ. ‘ಐ ಪಾಸ್ಡ್ ಔಟ್ ಇನ್ 2022’ ಎಂದರೆ ಇಂಗ್ಲೆಂಡಿನವನು ಈ ಹುಡುಗ ಆ ವರ್ಷ ಮೂರ್ಛೆ ಹೋಗಿದ್ದ ಎಂದುಕೊಳ್ಳುತ್ತಾನೆ ಎಂಬ ಎಚ್ಚರಿಕೆ ಬೇರೆ. ಮಾತು ನಿಜವೇ. ಆದರೆ ಬೆಂಗಳೂರಿನ ಕಂಪನಿಗಳೇ ಜಾಹೀರಾತಿನಲ್ಲಿ ‘2022 ಪಾಸ್‌ಔಟ್ಸ್ ಓನ್ಲಿ’ ಎಂದು ಕರೆಯುವಾಗ ಹುಡುಗರು ಯಾರ ಮಾತು ಕೇಳಬೇಕು? ‘ಪ್ರಿಪೋನ್’ಗೂ ಅಣ್ಣನ ಕಟ್ಟಾ ವಿರೋಧವಿತ್ತು, ಆಕ್ಸ್‌ಫರ್ಡ್ ನಿಘಂಟೇ ಅದನ್ನು ಒಳಗೆ ಬಿಟ್ಟುಕೊಂಡಿದೆ ಎಂದು ಯಾರೋ ಮೊಬೈಲ್ ತೋರಿಸಿದ ಮೇಲೆ ಅದೊಂದಕ್ಕೆ ವಿನಾಯಿತಿ ಸಿಕ್ಕಿತು.

ನಿಮ್ಮ ವೀಕ್‌ನೆಸ್ ಏನು ಎಂಬ ಪ್ರಶ್ನೆಗೆ ‘ಪರ್ಫೆಕ್ಷನಿಸ್ಟ್’ ಎನ್ನುವುದು ಹಳಸಿದೆಯಂತೆ. “ಡೆಲಿಗೇಟ್ ಮಾಡೋಕೆ ಬರಲ್ಲ ಅನ್ನು, ಸೀನಿಯರ್ ಥರ ಕೇಳ್ಸುತ್ತೆ.”

“ನಾನು ಫ್ರೆಶರ್ ಅಣ್ಣ. ನನ್ ಕೈಕೆಳಗೆ ಯಾರಿದಾರೆ?”

ಅಣ್ಣ ಉಪ್ಪಿನಕಾಯಿ ಕೇಳಿದ.

ಊರಿನಿಂದ ಫೋನ್ ಬಂದರೆ ಮಾತ್ರ ಇಷ್ಟೆಲ್ಲ ಇಂಗ್ಲಿಷ್ ಕೆಲಸಕ್ಕೆ ಬರುವುದಿಲ್ಲ. ‘ಫೈನಲ್ ರೌಂಡ್ ಆಯ್ತಮ್ಮ, ಎಚ್ಆರ್ ಡಿಸ್ಕಷನ್ ಪೆಂಡಿಂಗ್’ ಎಂದರೆ ಅಮ್ಮ ಕೇಳುವುದು ಒಂದೇ: “ಸಂಬ್ಳ ಯಾವಾಗಿಂದನಪ್ಪಾ?”

ಮೊನ್ನೆ ಮಂಜುನಾಥನಿಗೆ ಆಫರ್ ಬಂತು. ಒಳಗೆ ಹೋಗಿ ಗಾಬರಿಯಲ್ಲಿ ‘ಮೈಸೆಲ್ಫ್’ ಎಂದೇ ಶುರುಮಾಡಿದ್ದನಂತೆ. ಪಿಜಿಯವರೆಲ್ಲ ಪಾರ್ಟಿ ಕೇಳುತ್ತಿದ್ದರೆ ಅಣ್ಣ ಎಚ್ಆರ್ ಕಳಿಸಿದ ಮೇಲ್ ಇಸಿದುಕೊಂಡು ಓದಿದ. ಕೊನೆಯ ಸಾಲಿಗೆ ಬಂದವನು ಕನ್ನಡಕ ತೆಗೆದ.

“‘ಕೈಂಡ್ಲಿ ರಿವರ್ಟ್ ಬ್ಯಾಕ್’ ಅಂತ ಬರ್ದಿದಾರೆ. ಯೋಚ್ನೆ ಮಾಡು ಮಂಜ, ಕಂಪನಿ ಅಷ್ಟು ಸರಿಯಿಲ್ಲ.”