ಉಲ್ಲನ್ ಪಹಣಿ

ದಾವಣಗೆರೆಯಲ್ಲಿ ಮೊಮ್ಮಗುವಿಗೆ ಸ್ವೆಟರ್ ಹೆಣೆಯುವ ಅಜ್ಜಿಗೆ ಹವಾಮಾನದ ಅರಿವಿಲ್ಲ ಎಂದು ಮನೆಯ ಗಂಡಸರು ನಗುವುದುಂಟು. ಏಪ್ರಿಲ್‌ನಲ್ಲಿ 38 ಡಿಗ್ರಿ ಬಿಸಿಲು ಕಾಯುವ ಊರು. ಪಿ.ಜೆ. ಬಡಾವಣೆಯ ಪಡಸಾಲೆಯಲ್ಲಿ ಫ್ಯಾನು ಐದರಲ್ಲಿ ತಿರುಗುತ್ತಿದ್ದರೆ, ಅದರ ಕೆಳಗೆ ಅಜ್ಜಿ ಉಲ್ಲನ್ ಉಂಡೆ ತೊಡೆಯ ಮೇಲಿಟ್ಟುಕೊಂಡು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆಯುತ್ತಿರುತ್ತಾಳೆ. ಆದರೆ ಆಕೆ ಕೂತಿರುವುದೇ ಫ್ಯಾನಿನ ಅಡಿಯಲ್ಲಿ. ಸೆಖೆ ಗೊತ್ತಿಲ್ಲದವಳು ಅಲ್ಲೇಕೆ ಕೂರುತ್ತಾಳೆ? ಗೊತ್ತಿದ್ದೂ ಹೆಣೆಯುತ್ತಾಳೆಂದರೆ ಆ ಸ್ವೆಟರ್ ಚಳಿಗಲ್ಲ. ಅದು ಪಹಣಿ. ಹೊಲ ಯಾರದೆಂದು ಪಹಣಿ ಹೇಳುವಂತೆ, ಕೂಸು ಯಾರ ಮನೆಯದೆಂದು ಸ್ವೆಟರ್ ಹೇಳಬೇಕು.

ಅಳತೆಯನ್ನೇ ನೋಡಿ. ಚಳಿಗೆಂದು ಹೆಣೆದದ್ದಾದರೆ ಈ ವರ್ಷದ ಮೈಗೆ ಹಿಡಿಸಬೇಕಲ್ಲ? ಅಜ್ಜಿಯ ಸ್ವೆಟರಿನ ತೋಳು ಯಾವಾಗಲೂ ಬೆರಳು ದಾಟಿ ಜೋತಾಡುತ್ತದೆ. ಕೇಳಿದರೆ, ‘ಬೆಳೆಯೋ ಕೂಸು, ಮುಂದ್ಲೊರ್ಸಕ್ಕೆ ಸರಿಯಾಗ್ತೈತಿ ಬಿಡವ್ವಾ’ ಎಂಬ ಉತ್ತರ. ಮುಂದಿನ ವರ್ಷದ ಹಕ್ಕನ್ನೂ ಈಗಲೇ ಬರೆಸಿಟ್ಟಂತಾಯಿತು. ಇನ್ನು ಚಿತ್ತಾರ. ಬರೀ ನೀಲಿ ಸ್ವೆಟರನ್ನು ಅಂಗಡಿಯದು ಅಂದುಕೊಂಡಾರು. ಕೆಂಪು ನೆಲದ ಮೇಲೆ ಹಳದಿ ಬಾತುಕೋಳಿಗಳು ಸಾಲಾಗಿ ನಡೆದು, ಅದರಲ್ಲೂ ಮೂರನೆಯದಕ್ಕೆ ಕಾಲು ತಪ್ಪಿಹೋಗಿದ್ದರೆ, ಕೈಕೆಲಸ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಹಳೆಯ ಕೌದಿಯೂ ಇದನ್ನೇ ಮಾಡುತ್ತಿತ್ತು; ಯಾವ ತುಂಡು ಯಾರ ಸೀರೆಯದೆಂದು ಹೊದ್ದವರಿಗೂ ಗೊತ್ತಿರುತ್ತಿತ್ತು. ಒಂದೇ ಸಾಲಿನಲ್ಲಿ ಎರಡು ಬಣ್ಣ ನಡೆಸುವಾಗ ಸರದಿಯಿಲ್ಲದ ಎಳೆ ಹಿಂದುಗಡೆ ಹಾಯುವುದರಿಂದ ಹೆಣಿಗೆ ಇನ್ನಷ್ಟು ದಪ್ಪವಾಗುತ್ತದೆ. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್‌ಲ್ಯಾಂಡ್ ದ್ವೀಪಗಳಲ್ಲಿ ಈ ಕ್ರಮ ಹೆಸರಾದದ್ದು ಸಹಜ, ಅಲ್ಲಿನ ಕಡಲಗಾಳಿ ಅಂಥದ್ದು. ಬೆಣ್ಣೆದೋಸೆಯ ಕಾವಲಿ ಬೇರೆ, ಬಿಸಿಲು ಬೇರೆ ಇರುವ ಊರಲ್ಲಿ ಅದೇ ಕ್ರಮ ನಡೆದಿದೆಯೆಂದರೆ ಕಾರಣವನ್ನು ಚಳಿಯಾಚೆ ಹುಡುಕಬೇಕು.

ಕಾರಣ ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿದೆ. ಅಲ್ಲಿ ಬೀಗಿತ್ತಿ ಇದ್ದಾಳೆ, ಆಕೆಯ ಕೈಯಲ್ಲೂ ಕಡ್ಡಿಗಳಿವೆ. ಅದೇ ಹರಿಹರದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯಿದೆ. ಒಂದೇ ಮೂರ್ತಿ, ಬಲಗಡೆ ಹರ, ಎಡಗಡೆ ಹರಿ. ಎರಡು ಪಂಗಡದವರ ಜಗಳವನ್ನು ಒಂದೇ ಮೈಯಲ್ಲಿ ಮುಗಿಸಿದ ಊರು ಎರಡು ಅಜ್ಜಿಯರ ವ್ಯಾಜ್ಯವನ್ನು ಮಾತ್ರ ಇನ್ನೂ ಬಗೆಹರಿಸಿಲ್ಲ. ಕೂಸಿನ ಬಲದೋಳು ಒಬ್ಬಳಿಗೆ, ಎಡದೋಳು ಇನ್ನೊಬ್ಬಳಿಗೆ ಎಂದು ಸ್ವೆಟರ್ ಹಂಚಲು ಬರುವುದಿಲ್ಲ ನೋಡಿ.

ಅಂಗಡಿಯಲ್ಲಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ, ಆದರೆ ಬೀಗಿತ್ತಿಗೂ ಸಿಗುತ್ತದೆ. ಉಲ್ಲನ್ ಎಂದು ಕರೆಯುವ ದಾರ ಬಹುಪಾಲು ಆಕ್ರಿಲಿಕ್, ಕುರಿಗೂ ಅದಕ್ಕೂ ಸಂಬಂಧವಿಲ್ಲ ಎಂಬ ತಕರಾರೂ ನಿಜ. ಪಹಣಿಯನ್ನು ಯಾವ ಕಾಗದದಲ್ಲಿ ಮುದ್ರಿಸಿದ್ದಾರೆಂದು ಯಾರು ನೋಡುತ್ತಾರೆ? ಒಂದು ಆಕ್ಷೇಪವನ್ನು ಮಾತ್ರ ಒಪ್ಪಲೇಬೇಕು: ಒಳಗೆ ಹಾಯುವ ಉದ್ದ ಎಳೆಗಳಿಗೆ ಕೂಸಿನ ಬೆರಳು ಸಿಕ್ಕಿಕೊಳ್ಳುತ್ತದೆ. ಬಲ್ಲವರು ಮೂರು ನಾಲ್ಕು ಕುಣಿಕೆಗೊಮ್ಮೆ ಆ ಎಳೆಯನ್ನು ಹಿಂದೆಯೇ ಸುತ್ತಿ ಹಿಡಿಸುತ್ತಾರೆ. ಇದೆಲ್ಲ ಬರೀ ಪ್ರೀತಿ, ಹಕ್ಕು ಗಿಕ್ಕು ಎನ್ನುವುದು ಕುಹಕ ಎಂದು ಮರುಗುವವರಿಗೆ ಹೇಳುವುದಿಷ್ಟೆ: ಪ್ರೀತಿಯಿಲ್ಲದ ಹೊಲಕ್ಕಾಗಿ ಯಾರೂ ತಾಲ್ಲೂಕು ಕಚೇರಿ ಅಲೆಯುವುದಿಲ್ಲ.

ಆದ್ದರಿಂದ ಬೆಂಗಳೂರಿನಲ್ಲೋ ಅಮೆರಿಕದಲ್ಲೋ ಇರುವ ಮಕ್ಕಳೇ, ಪಾರ್ಸೆಲ್ ಬಂದ ದಿನವೇ ಕೂಸಿಗೆ ತೊಡಿಸಿ ಫೋಟೊ ಕಳಿಸಿಬಿಡಿ. ಫ್ಯಾನು ಜೋರಾಗಿ ಹಾಕಿಕೊಂಡು, ಅದು ಫೋಟೊದಲ್ಲಿ ಕಾಣದಂತೆ.